ಎಂಟು ದಿನದ ಎಲೆ ಪಾಠ

ಸುಳ್ಳು ಹೇಳೋದಕ್ಕೂ ಒಂದು ತಾಕತ್ತು ಬೇಕು ನೋಡಿ. ಈ ತಾಯಿಗೆ ಅದು ಇರಲಿಲ್ಲ, ಪಾಪ.

ಮೂರು ಮಕ್ಕಳಿಗೂ ಮನೆಯಲ್ಲೇ ಪಾಠ ಹೇಳಿಕೊಡುತ್ತಿದ್ದಳು. ತಿಂಗಳ ಕೊನೇ ಭಾನುವಾರ ಚರ್ಚಿನಿಂದ ಬಂದು, ಊಟ ಮುಗಿಸಿ, ಮೇಜು ಒರೆಸಿ, ಮುಂದಿನ ತಿಂಗಳ ಪಾಠದ ಪಟ್ಟಿ ಹರಡುವುದು ಆ ಮನೆಯ ಪದ್ಧತಿ. ಅವಳು ಒಂದೊಂದೇ ಪಾಠ ಓದಿ "ಕರ್ತನೇ, ಇದನ್ನು ಆಶೀರ್ವದಿಸು" ಅನ್ನಬೇಕು, ಉಳಿದವರು "ಆಮೆನ್" ಅನ್ನಬೇಕು. ಒಬ್ಬರು ಬಾಯಿ ಬಿಡದಿದ್ದರೂ ಆ ಪಾಠಕ್ಕೆ ಕತ್ತರಿ. ನಿಯಮ ಮಾಡಿದವಳೂ ಅವಳೇ, ಅನುಭವಿಸುವವಳೂ ಅವಳೇ. ಹೋದ ವರ್ಷ ನಡುವಿನ ಮಗ ಗುಂಡ, ಭಾಗಾಕಾರಕ್ಕೆ ತುಟಿ ಬಿಗಿದು ಕೂತುಬಿಟ್ಟಿದ್ದ. ಕೊನೆಗೆ ದಿನಕ್ಕೆ ಐದೇ ಲೆಕ್ಕ ಅಂತ ರಾಜಿಯಾಯಿತು.

"ಅಕ್ಟೋಬರ್ ತಿಂಗಳು," ಅಂತ ಶುರು ಮಾಡಿದಳು. "ಸೋಮವಾರ ಬೈಬಲ್‌ನಲ್ಲಿ ನೋಹನ ಕಥೆ, ಲೆಕ್ಕದಲ್ಲಿ ಭಿನ್ನರಾಶಿ, ವಿಜ್ಞಾನದಲ್ಲಿ ಚಳಿಗೆ ಮುಂಚೆ ಹಕ್ಕಿಗಳು ಎಲ್ಲಿಗೆ ಹೋಗ್ತವೆ ಅನ್ನೋದು."

ಆಮೆನ್ ಬಂತು.

"ಮಂಗಳವಾರ ಎಲೆ ಆರಿಸೋದು." ಆಮೆನ್. "ಬುಧವಾರ ಕಾಗುಣಿತ, ಭೂಪಟ." ಆಮೆನ್. "ಗುರುವಾರ..." ಅಂತ ಸ್ವರ ಸಣ್ಣದು ಮಾಡಿದಳು, "ಎಲೆ ಆರಿಸೋದು."

ದೊಡ್ಡ ಮಗಳಿಗೆ ಹನ್ನೆರಡು ವರ್ಷ. ಮನೆಯಲ್ಲಿ ಅವಳನ್ನು ಕರೆಯುತ್ತಿದ್ದದ್ದೇ ಲಾಯರಮ್ಮ ಅಂತ. ಪಟ್ಟಿಯನ್ನು ತನ್ನ ಕಡೆ ಎಳೆದುಕೊಂಡು ಬೆರಳಿಟ್ಟು ಎಣಿಸಿದಳು.

"ಅಮ್ಮಾ, ನಾಲ್ಕು ಮಂಗಳವಾರ, ನಾಲ್ಕು ಗುರುವಾರ. ಎಂಟು ದಿನ ಬರೀ ಎಲೆ! ನಾವೇನು ಮೇಕೆಗಳಾ?"

ಗುಂಡ "ಮ್ಯಾ" ಅಂದ. ಅಪ್ಪನ ತೊಡೆ ಮೇಲಿದ್ದ ಐದು ವರ್ಷದ ಚೋಟಿಯೂ "ಮ್ಯಾ" ಅಂದಳು. ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ.

"ಶರತ್ಕಾಲ ಅಂದ್ರೆ ಎಲೆ ಅಲ್ವೇನೇ? ಬೀದಿ ತುಂಬ ಬಿದ್ದಿವೆ. ಕೆಳಗೆ ಅಪ್ಪನ ಅಂಗಡಿ ಮುಂದೇನೇ ಆರಿಸಿ, ಅವರು ನೋಡ್ಕೋತಾರೆ."

"ಅಪ್ಪ ಯಾಕೆ ನೋಡ್ಕೋಬೇಕು?"

"ನಾನೆಲ್ಲಿಗೆ ಹೋಗ್ತೀನಿ? ನಾನೇನೂ ಎಲ್ಲಿಗೂ ಹೋಗಲ್ಲಪ್ಪ!"

ಹೋಗ್ತೀಯಾ ಅಂತ ಯಾರೂ ಕೇಳಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಅವಳ ಗಂಡನದು ಕೆಳಗಡೆ ಸೈಕಲ್ ರಿಪೇರಿ ಅಂಗಡಿ. ಮಾತು ಕಡಿಮೆ, ಆಡಿದರೆ ನೆಟ್ಟಗೆ. "ಇದು ಪ್ರಾರ್ಥನೆ ಪಟ್ಟಿ ಕಣೇ," ಅಂದ. "ನಮಗೆ ಎಲೆ ತೋರಿಸು, ಪರವಾಗಿಲ್ಲ. ದೇವರಿಗೂ ಅದನ್ನೇ ತೋರಿಸ್ತೀಯಾ?"

ಅಷ್ಟೇ ಸಾಕಾಯಿತು. ಮುಖ ಕೆಂಪಾಗಿ ಎಲ್ಲಾ ಹೇಳಿಬಿಟ್ಟಳು. ಮೊದಲು ಅವಳು ಹೆರಿಗೆ ವಾರ್ಡಿನ ನರ್ಸ್. ಚೋಟಿ ಹುಟ್ಟಿದ ಮೇಲೆ ಕೆಲಸ ಬಿಟ್ಟವಳು. ಶುಕ್ರವಾರ ಅಲ್ಲಿಂದ ಫೋನ್ ಬಂದಿತ್ತು: ಕೈ ಸಾಲದು, ಮಂಗಳವಾರ, ಗುರುವಾರ ಬೆಳಿಗ್ಗೆ ಬಂದು ಹೋಗು, ಒಂದು ತಿಂಗಳು ನೋಡೋಣ, ಭಾನುವಾರ ನಾಲ್ಕು ಗಂಟೆಯೊಳಗೆ ಹೇಳದಿದ್ದರೆ ಬೇರೆಯವರನ್ನು ಕರೀತೀವಿ. ಮೊದಲು ಆಮೆನ್ ಅನ್ನಿಸಿಕೊಂಡು ಆಮೇಲೆ ಹೇಳೋಣ ಅಂತ ಇವಳ ಲೆಕ್ಕ.

"ಐದು ವರ್ಷದ ಹಿಂದೆ ಚರ್ಚಲ್ಲಿ ಸಭೆ ಮುಂದೆ ನಿಂತು ಸಾಕ್ಷಿ ಹೇಳಿದೀನಿ, ಇನ್ನು ಈ ಮಕ್ಕಳೇ ನನ್ನ ಕೆಲಸ ಅಂತ. ಈಗ ಯಾವ ಮುಖ ಇಟ್ಕೊಂಡು ಕೇಳಲಿ? ಆದ್ರೆ ಆಸೆ ಆಗ್ತಿದೆ ರೀ. ತುಂಬಾ ಆಸೆ ಆಗ್ತಿದೆ."

ಗೋಡೆ ಗಡಿಯಾರದಲ್ಲಿ ಮೂರೂವರೆ. ಗಂಡ ಪೆನ್ನು ತೆಗೆದುಕೊಂಡು ಎಂಟೂ ಎಲೆಗಳನ್ನು ಹೊಡೆದುಹಾಕಿದ. "ಆ ಎರಡು ದಿನ ಮಕ್ಕಳನ್ನ ನಂಗೆ ಬಿಡು. ಚಕ್ರ ಇದೆ, ಸುತ್ತಳತೆ ಕಲಿಸ್ತೀನಿ. ಟ್ಯೂಬ್ ಇದೆ, ಗಾಳಿ ಒತ್ತಡ ಕಲಿಸ್ತೀನಿ. ಕರ್ತನೇ, ಇದನ್ನು ಆಶೀರ್ವದಿಸು. ಆಮೆನ್."

"ಆಮೆನ್!" ಗುಂಡ ಕುರ್ಚಿ ಮೇಲೆ ಹತ್ತಿ ಕೂಗಿದ. ಕೈಗೆಲ್ಲ ಗ್ರೀಸ್ ಮೆತ್ತಿಕೊಳ್ಳಬಹುದಲ್ಲ!

"ಒಂದು ತಿಂಗಳು ಮಾತ್ರ," ಅಂದಳು ಲಾಯರಮ್ಮ. "ಇನ್ಮೇಲೆ ಏನಿದ್ರೂ ಮೊದಲೇ ಹೇಳ್ಬೇಕು. ಆಮೆನ್."

ಚೋಟಿ ಬಾಯಿ ಬಿಡಲಿಲ್ಲ. ಎಲ್ಲರೂ ಅವಳನ್ನೇ ನೋಡಿದರು. ಬಲವಂತದ ಆಮೆನ್ ಲೆಕ್ಕಕ್ಕಿಲ್ಲ, ಅದೂ ನಿಯಮವೇ.

"ಅಲ್ಲಿ ಪಾಪುಗಳಿಗೆ ಅಮ್ಮ ಇಲ್ವಾ?" ಅಂತ ಕೇಳಿದಳು.

"ಇದಾರೆ ಕಂದ. ಆದ್ರೆ ಅವರಿಗೇ ಭಯ ಆಗಿರುತ್ತೆ. ನಾನು ಜೊತೆಗಿರ್ತೀನಿ."

"ನಾನು ಹುಟ್ಟುವಾಗ ನಿಂಗೂ ಭಯ ಆಗಿತ್ತಾ?"

"ಆಗಿತ್ತು. ನರ್ಸ್ ಆದ್ರೇನು, ನೋವು ನೋವೇ. ನೀನೋ, ಎಷ್ಟು ಹೊತ್ತಾದ್ರೂ ಬರಲೇ ಇಲ್ಲ ಮಹಾರಾಯ್ತಿ!"

"ಜೊತೆಗೆ ಯಾರಿದ್ರು?"

"ಒಬ್ಬರು ನರ್ಸಮ್ಮ. ಬೆಳಿಗ್ಗೆಯಿಂದ ಸಂಜೆವರೆಗೂ ನನ್ನ ಕೈ ಬಿಡಲಿಲ್ಲ."

"ಅವರಿಗೆ ಪಾಪು ಇತ್ತಾ?"

"ಒಬ್ಬಳು ಮಗಳಿದ್ಲು. ಆಗ ನಿನ್ನಷ್ಟೇ ಇದ್ಲು."

"ಅವಳು ಆಮೆನ್ ಅಂದಿದ್ಲಾ?"

ಆ ನರ್ಸಮ್ಮನನ್ನು ಇವಳು ಪ್ರಾರ್ಥನೆಯಲ್ಲಿ ಎಷ್ಟೋ ಸಲ ನೆನೆದಿದ್ದಳು. ಅವತ್ತು ಬೆಳಿಗ್ಗೆ ತನ್ನ ತಾಯಿಯನ್ನು ಕಳಿಸಿಕೊಟ್ಟು ಮನೆಯಲ್ಲಿ ಕೂತಿದ್ದ ಆ ಹುಡುಗಿಯನ್ನು ಒಂದು ದಿನವೂ ನೆನೆದಿರಲಿಲ್ಲ.

"ಗೊತ್ತಿಲ್ಲ ಚೋಟಿ," ಅಂದಳು.

ಚೋಟಿ ಅಪ್ಪನ ತೊಡೆಯಿಂದ ಇಳಿದು ಬಂದು, ಅಮ್ಮನ ಮಡಿಲು ಹತ್ತಿ, ಗಟ್ಟಿಯಾಗಿ ಕತ್ತು ತಬ್ಬಿಕೊಂಡಳು.

"ಅಂದಿರ್ತಾಳೆ," ಅಂತ ಕಿವಿಯಲ್ಲಿ ಹೇಳಿದಳು. "ಹೋಗ್ಬಾ."