ಮಹಾಪ್ರಭುಗಳ ಮೆಟ್ಟು

ನಲ್ಲಪ್ಪನ ಬಲಗಾಲಿನ ಹಿಮ್ಮಡಿಯಲ್ಲಿ ಮುರಿದ ಜಾಲಿಮುಳ್ಳೊಂದು ಮೂರು ವರ್ಷದಿಂದ ಬಾಡಿಗೆ ಕೊಡದೆ ಕೂತಿತ್ತು. ಕುಂದಲಹಳ್ಳಿಯ ಅರ್ಧ ಊರಿಗೆ ಮೆಟ್ಟು ಹೊಲಿದುಕೊಟ್ಟವನ ಕಾಲಿನ ಗತಿ ಇದು. ಹಾಗಂತ ಅವನಿಗೆ ಮೆಟ್ಟಿರಲಿಲ್ಲ ಅಂತಲ್ಲ, ಇತ್ತು. ಆದರೆ ಕೇರಿಯಿಂದ ಬಸ್ಸು ನಿಲ್ಲುವ ಕಡೆಗೆ ಇದ್ದದ್ದು ಒಂದೇ ದಾರಿ, ಅದು ಚಿಕ್ಕಬೈರಪ್ಪಗೌಡರ ಮನೆ ಮುಂದೆ. ಆ ಬೀದಿ ಬಂದ ಕೂಡಲೇ, ಬೇಲಿಮುಳ್ಳು ಬಿದ್ದಿದ್ದರೂ, ಕೇರಿಯವರು ಮೆಟ್ಟು ಕಳಚಿ ಕಂಕುಳಿಗೆ ಸೇರಿಸಬೇಕು. ಈ ಕಾನೂನು ಮಾಡಿದ ಪುಣ್ಯಾತ್ಮ ಯಾರೋ, ಬರಿಗಾಲಲ್ಲಿ ನಡೆದವನಂತೂ ಅಲ್ಲ.

ನಲ್ಲಪ್ಪನಿಗೆ ಹೊಟ್ಟೆ ಉರಿಯುತ್ತಿತ್ತು. ಹೆಂಡತಿ ಅಂಜನಮ್ಮನಿಗೆ ಇನ್ನೂ ಜಾಸ್ತಿ. ಅವಳು ದಿನಾ ಏಳೂವರೆ ಬಸ್ಸಿಗೆ ಫ್ಯಾಕ್ಟರಿಯಲ್ಲಿ ಕಸ ಗುಡಿಸಲು ಹೋಗುವವಳು.

"ಒಂದಿನ ಆ ಬೀದೀಲಿ ಮೆಟ್ಟಾಕ್ಕಂಡು ಓಗಿ ಸಾಯ್ತೀನಿ, ನೋಡ್ತಿರು."

"ಸಾಯೋದ್ಯಾಕಮ್ಮಿ? ಓಗಿ ಬಸ್ಸತ್ತು," ಎಂದು ನಗಿಸಿ ಅವನು ತನ್ನ ನೋವನ್ನು ನುಂಗುತ್ತಿದ್ದ.

ಎಮರ್ಜೆನ್ಸಿ ಕಳೆದು ಎರಡು ವರ್ಷಕ್ಕೆ ಊರಿಗೆ ಸಿನಿಮಾದವರು ಬಂದರು. ಹಳೇ ಕಾಲದ ರಾಜನ ಕಥೆ. ಸೆಟ್ಟು, ವೇಷಭೂಷಣ ಎಲ್ಲ ಶ್ಯಾಮಣ್ಣ ಎಂಬವರ ಜವಾಬ್ದಾರಿ. ಗೌಡರ ಮನೆಯೇ ಅರಮನೆಯಾಯಿತು. ಕಂಬಗಳಿಗೆ ಚಿನ್ನದ ಬಣ್ಣ ಬಳಿದರು. ಬಚ್ಚಲಮನೆಯ ಮೇಲೆ ಪ್ಲೈವುಡ್ಡಿನ ಗೋಪುರ ಇಟ್ಟರು. ಗೋಣಿತಾಟಿಗೆ ಮೈದಾ ಗೋಂದು ಮೆತ್ತಿ ಎರಡು ಆನೆ ಮಾಡಿ ಬಾಗಿಲಲ್ಲಿ ನಿಲ್ಲಿಸಿದರು. ಒಂದರ ಸೊಂಡಿಲನ್ನು ಅವತ್ತೇ ಗೌಡರ ಎಮ್ಮೆ ತಿಂದು ಮುಗಿಸಿತು. ಗೌಡರು ಎಮ್ಮೆಯನ್ನೇ ಬೈದು ಅಟ್ಟಿದರು. ಅವರಿಗೆ ಮಂತ್ರಿಯ ಪಾತ್ರ ಕೊಟ್ಟಿದ್ದರಲ್ಲ! ರಾಜ ಬಂದಾಗ ಜಗಲಿಯಿಂದ ಎದ್ದು, ಬಾಗಿ, "ಮಹಾಪ್ರಭು" ಅನ್ನಬೇಕು. ಅಷ್ಟಕ್ಕೇ ಗೌಡರು ಮೀಸೆಗೆ ಎರಡು ಸಲ ಕಪ್ಪು ಬಳಿಸಿಕೊಂಡಿದ್ದರು.

ರಾಜನ ಮೆಟ್ಟು ಹೊಲಿದದ್ದು ನಲ್ಲಪ್ಪ. ಮೂತಿ ಮೇಲಕ್ಕೆ ಸುರುಳಿ, ಮೈತುಂಬ ಜರಿ, ತುದಿಗೆ ಒಂದೊಂದು ಗೆಜ್ಜೆ. ರಾಜನ ಪಾತ್ರದ ಹೀರೋ ಹಾಕಿಕೊಂಡು ನಾಲ್ಕು ಹೆಜ್ಜೆ ಇಟ್ಟರೋ ಇಲ್ಲವೋ, ಕಾಲಲ್ಲಿ ಬೊಬ್ಬೆ ಎದ್ದಿತು. ಇದು ಮೆತ್ತಗಾಗುವ ತನಕ ನಾನು ಬರಲ್ಲ ಎಂದವರೇ ಕಾರು ಹತ್ತಿದರು.

"ಏನಪ್ಪಾ ಮಾಡೋದೀಗ?" ಎಂದು ಶ್ಯಾಮಣ್ಣ ತಲೆಮೇಲೆ ಕೈ ಹೊತ್ತರು.

"ಅಳ್ಳೆಣ್ಣೆ ಅಚ್ಚಿ ಅತ್ತು ದಿನ ಮೆಟ್ಟಿ ತಿರುಗಬೇಕು ಸಾರ್. ಒಲ್ದೋನೇ ಮೆಟ್ಟಿ ಪಳಗ್ಸಿ ಕೊಡೋದು ನಮ್ ಪದ್ಧತಿ. ಅವ್ರ ಕಾಲೂ ನನ್ನ ಕಾಲೂ ಒಂದೇ ಅಳತೆ."

"ಸರಿ, ಗೌಡ್ರ ಬೀದೀಲಿ ತಿರುಗು. ಚಪ್ಪಡಿ ಹಾಸಿರೋದು ಅಲ್ಲೊಂದೇ. ಬೇರೆ ಕಡೆ ಕೆಸರಿಗೆ ಜರಿ ಹಾಳಾಗುತ್ತೆ."

ಗೌಡರು ಜಗಲಿಯಿಂದಲೇ ಹಾರಾಡಿದರು.

"ನಮ್ ಮನೆ ಮುಂದೆ ಇವ್ನು ಮೆಟ್ಟಾಕ್ಕಂಡಾ? ಆಗಾಕಿಲ್ಲ!"

"ಹಂಗಾದ್ರೆ ಶೂಟಿಂಗ್ ಪಕ್ಕದ ದೊಡ್ಡನೆಕ್ಕುಂದಿಗೆ ಹಾಕ್ತೀವಿ ಬಿಡಿ. ಅಲ್ಲೂ ಮಂತ್ರಿ ಸಿಕ್ತಾರೆ."

ಗೌಡರು ಒಂದು ಬೀಡಿ ಸೇದಿ ಮುಗಿಸಿ ಜಗಲಿಯಿಂದ ಇಳಿದುಬಂದರು.

"ಒಂದ್ ಕೆಲ್ಸ ಮಾಡಿ. ಇವ್ನು ಕಿರೀಟ, ನಿಲುವಂಗಿ, ಗಡ್ಡ, ಎಲ್ಲಾ ಆಕ್ಕಂಡು ತಿರುಗ್ಲಿ. ಆಗ ತಿರುಗೋನು ರಾಜ. ನಲ್ಲಪ್ಪ ಅಲ್ಲ."

"ಭೇಷ್! ನಿಮ್ಮ ರಿಹರ್ಸಲ್ಲೂ ಆಗುತ್ತೆ," ಎಂದರು ಶ್ಯಾಮಣ್ಣ.

ಮಾರನೇ ಬೆಳಿಗ್ಗೆಯಿಂದ ರಟ್ಟಿನ ಕಿರೀಟ ಇಟ್ಟುಕೊಂಡು ನಲ್ಲಪ್ಪ ಬೀದಿಗಿಳಿದ. ಘಲ್ ಘಲ್ ಘಲ್. ಗೌಡರು ಏಳುವುದು, ಬಾಗುವುದು, "ಮಹಾಪ್ರಭು" ಅನ್ನುವುದು. "ಇನ್ನೂ ಬಾಗಿ ಸಾರ್, ಭಕ್ತಿ ಸಾಲದು," ಎಂದು ಶ್ಯಾಮಣ್ಣ ತಿದ್ದುವುದು. ಮೊದಲ ದಿನ ನಲ್ಲಪ್ಪನೇ ತಿರುಗಿ ಕೈಮುಗಿದುಬಿಟ್ಟ. "ರಾಜ ಕೈ ಮುಗೀಬಾರ್ದು ಕಣೋ!" ಎಂದು ಬೈಸಿಕೊಂಡ. ಮೂರನೇ ದಿನಕ್ಕೆ ಕೈ ಸುಮ್ಮನಾಯಿತು. ಐದನೇ ದಿನಕ್ಕೆ ಕತ್ತು ನೆಟ್ಟಗಾಯಿತು. ಕೇರಿಯ ಹೆಂಗಸರು ಮರೆಯಲ್ಲಿ ನಿಂತು ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದರು.

ಎಂಟನೇ ದಿನ ಬಿಸಿಲು ನೆತ್ತಿ ಸುಡುತ್ತಿತ್ತು. ಅಂಟುಗಡ್ಡದೊಳಗೆ ಮುಖ ಬೆಂದು, ನಲ್ಲಪ್ಪ ಕಿರೀಟ, ಗಡ್ಡ, ಅಂಗಿ ಎಲ್ಲ ಕಿತ್ತು ಆನೆಯ ಮೇಲೆ ಹಾಕಿದ. ತೂತು ಬನಿಯನ್ನು, ಪಟ್ಟಾಪಟ್ಟಿ ಚಡ್ಡಿ, ಕೆಳಗೆ ಜರಿಯ ಮೆಟ್ಟು. ಘಲ್ ಘಲ್ ಘಲ್.

ಒಳಗೆ ಉಣ್ಣುತ್ತಿದ್ದ ಗೌಡರು ಗೆಜ್ಜೆ ಕೇಳಿದ್ದೇ ತಡ, ಮುದ್ದೆ ಹಿಡಿದ ಕೈಯಲ್ಲೇ ಓಡಿಬಂದು ಸೊಂಟ ಮುರಿಯುವಂತೆ ಬಾಗಿದರು.

"ಮಹಾಪ್ರಭು!"

ತಲೆ ಎತ್ತಿದರೆ ಬನಿಯನ್ನು. ಬೀದಿಗೆ ಬೀದಿಯೇ ಗೊಳ್ಳೆಂದಿತು.

"ಬಿಡ್ಲಾ ಮೆಟ್ಟು! ಕಿರೀಟ ಇಲ್ದೆ ಮೆಟ್ಟಾಕ್ತೀಯೇನ್ಲಾ?"

"ಸೆಕೆ, ಬುದ್ಧಿ..." ನಲ್ಲಪ್ಪನ ಬೆನ್ನು ತಾನಾಗಿ ಬಗ್ಗಿತು, ಕೈ ಮೆಟ್ಟಿನ ಕಡೆ ಹೋಯಿತು.

"ಬಿಡಬ್ಯಾಡ!" ಅವತ್ತು ಫ್ಯಾಕ್ಟರಿಗೆ ರಜೆಯಿದ್ದು ಹೆಂಗಸರ ನಡುವೆ ನಿಂತಿದ್ದ ಅಂಜನಮ್ಮ ಕೂಗಿದಳು. "ಅದು ನೀನು ಒಲ್ದಿದ್ದು."

ಕೈ ಅರ್ಧಕ್ಕೇ ನಿಂತಿತು. ನಲ್ಲಪ್ಪನಿಗೆ ನಾಚಿಕೆಯಾಯಿತು. ಗೌಡರ ಎದುರಲ್ಲ, ಹೆಂಡತಿಯ ಎದುರು. ಅವನು ಮೆಲ್ಲಗೆ ನೆಟ್ಟಗಾಗಿ, ಘಲ್ ಘಲ್ ಎಂದು ಬೀದಿಯ ಕೊನೆ ತನಕ ನಡೆದ.

ಹತ್ತು ದಿನ ತುಂಬಿತು. ಹೀರೋ ಬಂದರು, ಹೂವಿನ ಮೇಲೆ ನಡೆದಂಗಿದೆ ಎಂದರು. ಶೂಟಿಂಗ್ ಮುಗಿಯಿತು, ಆನೆ ಮಡಚಿ ಲಾರಿಗೆ ಹಾಕಿದರು. ಲಾರಿ ಹೊರಟದ್ದೇ ತಡ, ಗೌಡರು ಕೇರಿಗೆ ಹೇಳಿ ಕಳಿಸಿದರು: ವೇಷ ಮುಗೀತು, ನಾಳೆಯಿಂದ ಮೆಟ್ಟು ಕಂಕುಳಿಗೆ.

ನಲ್ಲಪ್ಪ ಉಳಿ ಕೈಗೆತ್ತಿಕೊಂಡ. ಮೂರು ದಿನ ಕೂತು, ಕೇರಿಯಲ್ಲಿ ಮೆಟ್ಟಿಲ್ಲದವರಿಗೆಲ್ಲ ಚೂರುಪಾರು ಚರ್ಮದಲ್ಲಿ ಹೊಲಿದ. ಪಳಗಿಸಲು ಪುರುಸೊತ್ತಿರಲಿಲ್ಲ. "ಕಚ್ಚತ್ತೆ ಕಣ್ರಪ್ಪಾ," ಎಂದ. "ಕಚ್ಲಿ ಬಿಡು," ಎಂದರು.

ನಾಲ್ಕನೇ ಬೆಳಿಗ್ಗೆ ಹತ್ತೊಂಬತ್ತು ಮಂದಿ ಗೌಡರ ಬೀದಿಗೆ ಬಂದರು. ಮುಂದೆ ಅಂಜನಮ್ಮ, ಪಕ್ಕದಲ್ಲಿ ನಲ್ಲಪ್ಪ. ಚಪ್ಪಡಿಯ ಮೇಲೆ ಮೂವತ್ತೆಂಟು ಮೆಟ್ಟುಗಳ ಸದ್ದು ಕೇಳಿ ಗೌಡರು ಜಗಲಿಯ ಮೇಲೆ ಧಡಕ್ಕನೆ ಎದ್ದು ನಿಂತರು.

"ಏನ್ಲಾ ಇದು? ಯಾವ ಶೂಟಿಂಗ್ಲಾ?"

ನಲ್ಲಪ್ಪ ಕಾಲು ನಿಲ್ಲಿಸದೆ ಹೇಳಿದ:

"ಕೂತ್ಕಳಿ ಗೌಡ್ರೇ. ಶೂಟಿಂಗ್ ಏನಿಲ್ಲ, ಬಸ್ಸಿಗೆ ಓಗ್ತಾ ಇದ್ದೀವಿ."