ನರದ ಮುತ್ತಪ್ಪ

"ಇನ್ನೊಂದ ಸುತ್ತ ಬಿಗಿ ಮಾಡೋ, ಜಾರತೈತಿ," ಎನ್ನುತ್ತ ಮಾಯವ್ವ ಗೋಡೆಗೆ ಒರಗಿಸಿ ಕೂರಿಸಿದ್ದ ಗಂಡನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದಳು. ಮೈದುನ ಬೀರಲಿಂಗ ಹೆಣದ ತಲೆಗೆ ರುಮಾಲು ಸುತ್ತುತ್ತಿದ್ದ. ಅತ್ತೂ ಅತ್ತೂ ಅವಳಿಗೆ ಎಲ್ಲವೂ ನೀರಿನಡಿಯಿಂದ ಕಂಡಂತಿತ್ತು. ಮುತ್ತಪ್ಪ ಈಗಷ್ಟೇ ಕುರಿ ಹೊಡೆದುಕೊಂಡು ಬಂದು ತೂಕಡಿಸುತ್ತಿದ್ದಾನೆ, ಕರೆದರೆ "ಹೂಂ" ಅಂದಾನು.

"ನರದ ಮುತ್ತಪ್ಪ ಹೋದ್ನಂತಲ್ಲ!" ಹೊರಗೆ ಯಾರದೋ ದನಿ. ಕಲಾದಗಿ ಸುತ್ತಮುತ್ತ ಅವನಿಗೆ ಅದೇ ಹೆಸರು.

"ಗಂಡಸ್ತನ ಇಲ್ದವಗ ಇಷ್ಟ ದೊಡ್ಡ ರುಮಾಲ ಯಾಕಲೇ, ಬೀರ್ಯಾ?" ನೆರೆಮನೆಯ ದುರ್ಗಪ್ಪ ಪಿಸುಗುಟ್ಟಿದ. ಬೀರಲಿಂಗ ತುಟಿ ಕಚ್ಚಿ ನಕ್ಕ.

ಮಾಯವ್ವ ರುಮಾಲಿನ ಸಡಿಲ ತುದಿಯನ್ನು ತಾನೇ ಒಳಕ್ಕೆ ಸಿಕ್ಕಿಸಿದಳು. ಇನ್ನು ಸ್ವಲ್ಪ ಹೊತ್ತಿಗೆ ಎತ್ತುತ್ತಾರೆ. ಈ ಹೆಸರನ್ನೂ ಅವನ ಜೊತೆಗೇ ಹೂಳುತ್ತಾರೆ.

*

ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಬಾಗಲಕೋಟೆಯ ಡಾಕ್ಟರು ಹೇಳಿದ್ದರು: ಬೀಜದ ಚೀಲದಲ್ಲಿ ರಕ್ತದ ನರಗಳು ಉಬ್ಬಿ ಬಳ್ಳಿಯ ಹಾಗೆ ಗಂಟುಗಟ್ಟಿವೆ, ಅಲ್ಲಿ ಕಾವು ಹೆಚ್ಚಿ ವೀರ್ಯಾಣು ಕಡಿಮೆಯಾಗಿವೆ, ಸಣ್ಣ ಆಪರೇಷನ್ ಮಾಡಿ ನೋಡೋಣ. ಮುತ್ತಪ್ಪನ ಬಾಯಿ ಅಂದರೆ ಗೊತ್ತಲ್ಲ, ಬಸ್ಸಿನ ಕಂಡಕ್ಟರನಿಗೂ ಹೇಳಿದ. ಊರಿಗೆ ಬಂದವನೇ ಕಟ್ಟೆ ಏರಿ ನಿಂತ.

"ಕೇಳ್ರಿ! ಕೊರತಿ ನಂದು, ನರ ಉಬ್ಬ್ಯಾವು. ಇನ್ನ ನಮ್ಮ ಮಾಯವ್ವಗ ಯಾರರ ಬಂಜಿ ಅಂದ್ರ ಟಗರ ಬಿಟ್ಟ ಹಾಯಿಸ್ತೇನಿ!"

ಊರು ಹೊಟ್ಟೆ ಹಿಡಿದು ನಕ್ಕಿತು. ಆದರೆ ಬಂಜೆಯೆಂದು ದೂರ ಇಟ್ಟಿದ್ದ ಅವಳನ್ನು ಅಂದಿನಿಂದ ಬಸುರಿಯರ ಕುಬಸ, ತೊಟ್ಟಿಲ ಕಾರ್ಯಗಳಿಗೆ ಕರೆಯತೊಡಗಿದರು.

ಆಪರೇಷನ್ ಆಯಿತು. ಮರುವರ್ಷ ಪರೀಕ್ಷೆ ಮಾಡಿದಾಗ ಅವನದೆಲ್ಲ ಸರಿಹೋಗಿತ್ತು. ಆಮೇಲೆ ಅವಳನ್ನು ನೋಡಿದರು. ಗರ್ಭದ ನಳಿಕೆ ಎರಡೂ ಮುಚ್ಚಿದ್ದವು.

ದವಾಖಾನೆಯ ಬೇವಿನ ಕೆಳಗೆ ಅವಳು ಅಳುತ್ತ ಕೂತರೆ, ಅವನು ಚಿಕ್ಕು ಸುಲಿದು ಕೈಗಿಟ್ಟ.

"ತಿನ್ನ. ಊರಿಗೆ ಯಾಕ ಹೇಳೂದು? ನನ್ನ ಹೆಸರ ಹೆಂಗೂ ಕೆಟ್ಟೈತಿ. ಅದರಾಗ ಇಬ್ಬರೂ ಇರೂಣು."

*

"ಸರೀರಿ ವೈನಿ, ಹೊತ್ತಾತು," ಎಂದ ಬೀರಲಿಂಗ.

"ತಡಿ." ಮಾಯವ್ವ ಎದ್ದು ನಿಂತಳು. "ನಿಮ್ಮಣ್ಣನ ನರ ಆಗನ ನೆಟ್ಟಗಾಗಿದ್ವು. ಕೊರತಿ ಇದ್ದದ್ದು ನನ್ನಾಗ. ನನ್ನ ಸಲುವಾಗಿ ಜೀವ ಇರೂ ತನಕ ನಿಮ್ಮ ನಗಿ ನುಂಗಿದ."

"ಹುಚ್ಚಿ, ಬಾಯಿ ಮುಚ್ಚ!" ಮುತ್ತಪ್ಪನ ಸೋದರತ್ತೆ ಅವಳ ಸೆರಗು ಜಗ್ಗಿದಳು. "ನಾಳಿಂದ ನಿನ್ನ ಯಾರು ಕುಬಸಕ್ಕ ಕರೀತಾರ?"

"ಕರೀದಿದ್ರ ಬಿಡವಲ್ರ್ಯಾಕ, ಅತ್ತಿ. ಇಂವ ಹೊಂಟಾನ. ಇವನ ಹೆಸರ ಇವಂಗ ಕೊಟ್ಟ ಕಳಸ್ತೇನಿ."

ಮೊದಲು ಹೆಗಲು ಕೊಟ್ಟವನು ದುರ್ಗಪ್ಪ.

ಡೊಳ್ಳು ಬಡಿಯಿತು. ತೂರಿದ ಅರಿಸಿನದ ಭಂಡಾರವನ್ನು ಹೊಳೆಯ ಗಾಳಿ ಹಾದಿಯ ತುಂಬ ಹರಡಿತು. ಆ ಹಳದಿ ಮಬ್ಬಿನಲ್ಲಿ ಗಂಡಸರೆಲ್ಲ ಒಂದೇ ಬಣ್ಣವಾದರು. ಹೊತ್ತವರು ಯಾರು, ಹೊರಿಸಿಕೊಂಡವನು ಯಾರು, ಬಾಗಿಲಲ್ಲಿ ನಿಂತ ಮಾಯವ್ವನಿಗೆ ತಿಳಿಯದಾಯಿತು. ಅವರ ನಡುವೆ ಒಬ್ಬ ಕಂಬಳಿ ಹೊದ್ದು, ಎಲ್ಲರ ಹೆಗಲಿಗೂ ಹೆಗಲು ತಾಗಿಸುತ್ತ, ಅಂದು ಕಟ್ಟೆಯ ಮೇಲಿಂದ ಕೂಗಿದ ಅದೇ ದೊಡ್ಡ ದನಿಯಲ್ಲಿ ಏನೋ ಹೇಳುತ್ತ ಹೊರಟಿದ್ದ.