ಅಮೀನಪ್ಪನ ಸುಣ್ಣದ ಗೆರೆ

ಅಮೀನಪ್ಪನ ಕ್ಯಾಮೆರಾಕ್ಕೆ ಸಿಗದ ಹಕ್ಕಿ ಗೋವಾದಲ್ಲಿ ಇನ್ನೂ ಹುಟ್ಟಿಲ್ಲ. ಚಿಂಬಲ್‌ನ ಈ ಗೌಂಡಿ ಮೂವತ್ತು ವರ್ಷ ಕರಣೆ ಹಿಡಿದ ಕೈಯಲ್ಲೇ ಕ್ಯಾಮೆರಾ ಹಿಡಿದವನು. ಅವನು ಕಣ್ಣು ಕಿರಿದು ಮಾಡಿದರೆ ಮಾಂಡವಿಯ ಮೊಸಳೆ ಆಕಳಿಕೆಯನ್ನು ಅರ್ಧಕ್ಕೆ ನಿಲ್ಲಿಸಿ ಕಾಯುತ್ತಿತ್ತು. ಮಿಂಚುಳ್ಳಿಗಳು ಹಿಡಿದ ಮೀನನ್ನು ಮೊದಲು ಅವನಿಗೆ ತೋರಿಸಿ ಆಮೇಲೆ ನುಂಗುತ್ತಿದ್ದವು. ಕಸುಬಿನಲ್ಲೂ ಹಾಗೇ. ಪಾಯಕ್ಕೆ ಅವನು ಎಳೆದ ಸುಣ್ಣದ ಗೆರೆ ಕಂಡರೆ ಸಮುದ್ರದಂಚೇ ನಾಚಿ ನೆಟ್ಟಗಾಗಬೇಕು.

ಒಂದೇ ಒಂದು ಫೋಟೊ ಮಾತ್ರ ದಕ್ಕಿರಲಿಲ್ಲ: ಟಿಟ್ಟಿಭದ ಮರಿ ಮೊಟ್ಟೆಯೊಡೆದು ತಲೆ ಹೊರಹಾಕುವ ಗಳಿಗೆ. ಬರಿ ನೆಲದಲ್ಲಿ, ಕಲ್ಲುಗಳ ನಡುವೆ ಕಲ್ಲಿನಂಥದೇ ಮೊಟ್ಟೆ ಇಡುವ ಹಕ್ಕಿ ಅದು. ಈ ಬೇಸಗೆ ವೆರ್ಣಾದಲ್ಲಿ ಹೊಸ ಕಾರ್ಖಾನೆಯ ಪಾಯಕ್ಕೆ ಗುರುತು ಹಾಕುವಾಗ, ಗೆರೆಗಳಿಂದ ಇಪ್ಪತ್ತು ಹೆಜ್ಜೆ ಆಚೆ ನಾಲ್ಕು ಮೊಟ್ಟೆ ಕಂಡವು. ಬಗ್ಗಿ ಕಿವಿಗೊಟ್ಟರೆ ಒಳಗೆ ಕಿಚಕಿಚ. ನಾಳೆ ಒಡೆಯುವುದು ಖಂಡಿತ.

"ಜೆಸಿಬಿ ಹಾರೂನಗ ಒಂದ್ ಮಾತು ಹೇಳ್ರಿ," ಎಂದಳು ಜೊತೆಗೆ ಕೆಲಸಕ್ಕೆ ಬಂದಿದ್ದ ಹೆಂಡತಿ ಭಾಗವ್ವ.

"ಹೇಳಿದ್ರ ಮುಗೀತು! ನಾಳೆ ಪಣಜಿಯಿಂದ ತೋಪಿನಂಥಾ ಲೆನ್ಸ್ ಹೊತ್ತಾವ್ರು ಸಾಲಗಟ್ಟಿ ಬರ್ತಾರ. ಕಾದಾಂವ ನಾನು, ಹೆಸರು ಅವರ್ದು."

"ಆ ಹಕ್ಕಿಗೂ ಇಲ್ಲ ನೋಡ್ರಿ, ಇಷ್ಟು ಜಂಬ."

ಯಾರೂ ತುಳಿಯದಿರಲೆಂದು ಸಂಜೆ ಮೊಟ್ಟೆಗಳ ಸುತ್ತ ಸುಣ್ಣ ಚೆಲ್ಲಿದ. ದುಂಡಗೆ ಎಳೆಯಲೆಂದೇ ಬಗ್ಗಿದ್ದ. ಕೈ ಕೇಳಬೇಕಲ್ಲ! ಅದು ತನಗೆ ಗೊತ್ತಿದ್ದನ್ನೇ ಮಾಡಿತು: ಐದಡಿಗೆ ಐದಡಿ, ನಾಲ್ಕು ಮೂಲೆಯೂ ಮೂಲೆಮಟ್ಟಕ್ಕೆ ಸರಿ.

ಬೆಳಿಗ್ಗೆ ಮೊದಲ ಬಸ್ಸಿಗೇ ಕ್ಯಾಮೆರಾ ಸಮೇತ ಬಂದಿಳಿದ. ಅವನಿಗಿಂತ ಮೊದಲೇ ಬಂದಿದ್ದ ಹಾರೂನ ಜೆಸಿಬಿಯ ಮೇಲಿಂದಲೇ ಕೈಯೆತ್ತಿದ.

"ಬರ್ರಿ ಅಣ್ಣಾ! ಬಿಸಿಲು ಏರೂದ್ರಾಗ ಅಗದು ಮುಗಿಸೇನಿ. ಆ ಕಡೀ ಐದಡಿ ಚೌಕದ ಗುಂಡಿ ನಕ್ಷಾದಾಗ ಇರಲಿಲ್ಲಂತ, ಸುಪರ್‌ವೈಸರ್ ತಕರಾರು ತಗದಾ. ನಾ ಬಿಡ್ಲಿಲ್ರಿ. ಅಮೀನಪ್ಪಣ್ಣನ ಗೆರಿ ತಪ್ಪೂದಿಲ್ಲ, ನಿಮ್ಮ ನಕ್ಷಾನ ತಪ್ಪಿರಬೇಕು ಅಂದೆ!"

ಅಮೀನಪ್ಪ ಆ ಗುಂಡಿಯತ್ತ ಓಡಿದ. ಟಿಟ್ಟಿಭಗಳೆರಡೂ ತಲೆಯ ಮೇಲೆ ಕಿರುಚುತ್ತ ಸುತ್ತುತ್ತಿದ್ದವು. ಒಂದು ಇಳಿದು ಬಂದು, ಗುಂಡಿಯ ಪಕ್ಕದ ಕೆಮ್ಮಣ್ಣಿನ ರಾಶಿಯ ಮೇಲೆ ಎದೆ ಊರಿ ಕಾವಿಗೆ ಕೂತಂತೆ ಕೂತಿತು. ಕೈಗೆಟಕುವಷ್ಟು ಹತ್ತಿರ. ಎಳೆ ಬಿಸಿಲು ಅದರ ಕಣ್ಣಿಗೇ ಬಿದ್ದಿತ್ತು.

"ಚಲೋ ಕುಂತೈತಿ ಅಣ್ಣಾ, ಹೊಡೀರಿ ಫೋಟೊ!"

ಕ್ಯಾಮೆರಾ ಕೊರಳಲ್ಲೇ ಇತ್ತು. ಅಮೀನಪ್ಪ ಗುಂಡಿಯೊಳಗೆ ಇಣುಕಿದ. ಅಗೆತ ಅವನ ಗೆರೆಯಿಂದ ಕೂದಲೆಳೆಯಷ್ಟೂ ಆಚೀಚೆಯಾಗಿರಲಿಲ್ಲ.